ಗೇಣು ದೂರದ ಚಕ್ರ

ಬಾಳೆಹಣ್ಣು ಎರಡೂ ಹಾಗೇ ಉಳಿದಿದ್ದವು. ಜೆರ್ಸಿಯ ಬೆನ್ನ ಜೇಬಿನೊಳಗೆ ಬೆವರಿಗೂ ಬಿಸಿಗೂ ಸಿಪ್ಪೆ ಕರ್ರಗಾಗಿ, ಒಂದು ಒಡೆದು ಬಟ್ಟೆಗೆ ಮೆತ್ತಿಕೊಂಡಿತ್ತು. ನನ್ನ ತಂಗಿಯ ಮಗ ರಸ್ತೆಯ ಮಗ್ಗುಲಿನ ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕೂತಿದ್ದ. ತೊಡೆಯ ಸ್ನಾಯು ಚರ್ಮದ ಕೆಳಗೆ ಪಟಪಟ ಹೊಡೆದುಕೊಳ್ಳುವುದು ಕಣ್ಣಿಗೇ ಕಾಣುತ್ತಿತ್ತು. ಗಲ್ಲದ ಮೇಲೆ ಒಣಗಿದ ಉಪ್ಪಿನ ಬಿಳಿ ಗೆರೆ.

"ಯಾಕೋ, ಒಂದೂ ತಿಂದಿಲ್ಲ?" ಎಂದೆ.

"ತಿನ್ನಾಕ ಒಂದು ಕೈ ಬಿಡಬೇಕಲ್ಲ ಮಾಮಾ. ಮುಂದ ನಾನ ಇದ್ದೆ. ಗಾಳಿ ಹಂಗ ಬೀಸಾಕತ್ತಿತ್ತು."

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು 30 ಕಿ.ಮೀ. ಹೋಗಿ, ಅಲ್ಲಿಟ್ಟ ಕೋನ್ ಸುತ್ತಿ, ಅದೇ ದಾರಿಯಲ್ಲಿ ವಾಪಸ್ ಬರುವ ರೇಸ್ ಅದು. ಆಷಾಢದ ಬೆಳಗು. ಹೊರಟವರು 41 ಹುಡುಗರು. ಅವನಿಗೆ 17 ವರ್ಷ, ಪಿಯುಸಿ ಎರಡನೆಯ ವರ್ಷ. ಎಲ್ಲರನ್ನೂ ಒಟ್ಟಿಗೆ ಬಿಡುವ ರೇಸಿಗೆ ಅವನು ಇಳಿದದ್ದು ಅದೇ ಮೊದಲು. ಒಬ್ಬನೇ ಗಡಿಯಾರದ ಎದುರು ತುಳಿದರೆ 20 ಕಿ.ಮೀ. ದೂರವನ್ನು 32 ನಿಮಿಷದೊಳಗೆ ಮುಗಿಸುತ್ತಾನೆ. ಸುತ್ತಲಿನ ಹಳ್ಳಿಗಳ ಹುಡುಗರಲ್ಲಿ ಅಷ್ಟು ಬಿರುಸು ಇನ್ನೊಬ್ಬರಿಗಿಲ್ಲ. ಗೆಲ್ಲುವವನು ಇವನೇ ಎಂದು ಮನೆಮಂದಿಯೆಲ್ಲ ನಂಬಿಕೊಂಡಿದ್ದೆವು. ಅವನು ಬಂದದ್ದು 14ನೆಯವನಾಗಿ.

ಸಂಜೆ ತಂಗಿ ಕೇಳಿದಳು: "ಕಾಲಾಗ ಶಕ್ತಿ ಸಾಲಲಿಲ್ಲೇನು?" ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಓಟದ ಪಂದ್ಯದಲ್ಲಿ ಹಿಂದೆ ಬಿದ್ದವನಿಗೆ ಶಕ್ತಿ ಸಾಲಲಿಲ್ಲ ಎಂದೇ ಅರ್ಥ. ಆದರೆ ರಸ್ತೆಯ ಮೇಲಿನ ಸೈಕಲ್ ರೇಸಿನಲ್ಲಿ ಅದು ತಿರುಗುಮುರುಗು ಆಗಬಹುದು. ಅವತ್ತು ಆ 41 ಜನರಲ್ಲಿ ಎಲ್ಲರಿಗಿಂತ ಹೆಚ್ಚು ಶಕ್ತಿ ಸುರಿದವನು ನನ್ನ ಅಳಿಯನೇ. ಅವನು ಸೋತದ್ದೂ ಅದರಿಂದಲೇ. ಮಗ ಸೈಕಲ್ ಹಿಡಿದಿದ್ದಾನೆ, ಮಗಳು ಸೈಕಲ್ ಹಿಡಿದಿದ್ದಾಳೆ ಎಂದು ಹೊಲದ ದುಡ್ಡು ಕೂಡಿಸಿ ರೇಸ್ ಸೈಕಲ್ ಕೊಡಿಸುವ ಅಪ್ಪ-ಅವ್ವಂದಿರು ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಮಕ್ಕಳು ಯಾಕೆ ಸೋಲುತ್ತಾರೆ ಎಂಬುದು ಅವರಿಗೆ ಗೊತ್ತಾಗಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಾಳಿಯ ವಿಷಯ. ಸಪಾಟು ರಸ್ತೆಯಲ್ಲಿ ರೇಸಿನ ವೇಗದಲ್ಲಿ ಹೋಗುವಾಗ ಸವಾರನ ಶ್ರಮದ ಬಹುಪಾಲು, ಸುಮಾರು ನೂರಕ್ಕೆ 80ರಿಂದ 90 ಪಾಲು, ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಟಯರು, ಚೈನು, ಬೇರಿಂಗುಗಳ ತಿಕ್ಕಾಟಕ್ಕೆ ಹೋಗುವುದು ಉಳಿದ ಅಲ್ಪ ಪಾಲು. ಗಾಳಿಯ ಲೆಕ್ಕವೂ ಕ್ರೂರವಾದದ್ದು. ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ, ಅದನ್ನು ಸೀಳಲು ಬೇಕಾದ ಕಸುವು ಎಂಟರಷ್ಟಾಗುತ್ತದೆ. ಗಾಳಿಯೇ ಬೀಸದ ದಿನ ಗಂಟೆಗೆ 30 ಕಿ.ಮೀ. ಹೋಗುವವನು 40ಕ್ಕೆ ಏರಬೇಕಾದರೆ ಗಾಳಿಗಾಗಿಯೇ ಎರಡು ಪಟ್ಟಿಗೂ ಹೆಚ್ಚು ಕಸುವು ತೆರಬೇಕು.

ಇನ್ನು ಎದುರುಗಾಳಿ. ಆಷಾಢದಲ್ಲಿ ನಮ್ಮ ಎರೆಭೂಮಿಯ ಮೇಲೆ ಪಡುವಣ ಗಾಳಿ ಹೇಗೆ ಬೀಸುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗಿಡ ಕಡಿಮೆ, ಗುಡ್ಡ ಕಡಿಮೆ, ತಡೆಯುವವರಿಲ್ಲ. ಗಾಳಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಎದುರಿಗೆ ಬರುತ್ತಿದೆ, ಹುಡುಗ 30ರಲ್ಲಿ ಅದಕ್ಕೆ ಎದುರಾಗಿ ಹೋಗುತ್ತಿದ್ದಾನೆ ಎಂದುಕೊಳ್ಳಿ. ಅವನ ಎದೆಗೆ ಬಡಿಯುವ ಗಾಳಿ 45 ಕಿ.ಮೀ. ವೇಗದ್ದು. ಗಾಳಿಯಿಲ್ಲದ ದಿನಕ್ಕೆ ಹೋಲಿಸಿದರೆ ಅವನು ತೆರುವುದು ಎರಡೂಕಾಲು ಪಟ್ಟು. ಅಥಣಿ ರಸ್ತೆ ಪಶ್ಚಿಮಕ್ಕೆ ಹೋಗುತ್ತದೆ. ಅಂದರೆ ಆ ಬೆಳಗ್ಗೆ ಹೋಗುವ 30 ಕಿ.ಮೀ. ಪೂರ್ತಿ ಎದುರುಗಾಳಿ.

ಆದರೆ ಈ ಸುಂಕ ಕಟ್ಟಬೇಕಾದವನು ಮುಂದಿದ್ದವನು ಮಾತ್ರ. ಅವನ ಬೆನ್ನ ಹಿಂದೆ ಗಾಳಿ ತೆಳುವಾದ ಒಂದು ಜಾಗ ಉಂಟಾಗುತ್ತದೆ. ಅವನ ಹಿಂದಿನ ಚಕ್ರಕ್ಕೆ ಒಂದು ಗೇಣು, ಒಂದು ಮೊಳ ದೂರದಲ್ಲಿ ತನ್ನ ಮುಂದಿನ ಚಕ್ರ ಇಟ್ಟುಕೊಂಡು ಬರುವವನಿಗೆ ಮೂರರಲ್ಲಿ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ. ಇದಕ್ಕೆ ಡ್ರಾಫ್ಟಿಂಗ್ ಎನ್ನುತ್ತಾರೆ. ಗುಂಪು ದೊಡ್ಡದಾದಷ್ಟೂ ಲಾಭ ಹೆಚ್ಚು. 2018ರಲ್ಲಿ ಬರ್ಟ್ ಬ್ಲಾಕೆನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು 121 ಸವಾರರ ದಟ್ಟ ಗುಂಪನ್ನು ಕಂಪ್ಯೂಟರಿನಲ್ಲೂ ಗಾಳಿಸುರಂಗದಲ್ಲೂ ಪರೀಕ್ಷಿಸಿದರು. ಗುಂಪಿನ ಒಡಲಲ್ಲಿ ಇರುವವನಿಗೆ ತಗಲುವ ಗಾಳಿಯ ತಡೆ, ಅವನು ಒಬ್ಬನೇ ಹೋದರೆ ತಗಲುವುದರ ನೂರಕ್ಕೆ 5ರಿಂದ 10 ಪಾಲಿಗೆ ಇಳಿಯುತ್ತದೆ ಎಂದು ಕಂಡುಕೊಂಡರು. ಗುಂಪಿನ ನಡುವೆ ಇರುವವನು ಮನೆಯೊಳಗೆ ಕೂತಂತೆ, ಮುಂದಿರುವವನು ಬಯಲಲ್ಲಿ ನಿಂತಂತೆ.

ಅವತ್ತು ನಾನು ಪರಿಚಯದವರೊಬ್ಬರ ಮೋಟರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ಗುಂಪಿನ ಹಿಂದೆ ಹೋಗಿದ್ದೆ. ಟಿಕೋಟಾ ದಾಟುವ ಹೊತ್ತಿಗೆ ಗುಂಪಿನಲ್ಲಿ ಇಪ್ಪತ್ತು ಮಂದಿ ಉಳಿದಿದ್ದರು. ಅಳಿಯ ಎಲ್ಲರ ಮುಂದೆ ತಲೆ ತಗ್ಗಿಸಿ, ಹ್ಯಾಂಡಲ್ಲಿನ ಕೆಳಗಿನ ಬಾಗು ಹಿಡಿದು, ಭುಜ ಅಲುಗಿಸುತ್ತ ತುಳಿಯುತ್ತಿದ್ದ. ಅವನ ಹಿಂದೆ ಹುಡುಗರ ಸಾಲು. ಮೂರನೆಯವನು ಆಗಾಗ ಪೆಡಲ್ ತುಳಿಯುವುದನ್ನೇ ನಿಲ್ಲಿಸುತ್ತಿದ್ದ. ಹಿಂದಿನ ಚಕ್ರದ ಟಿಕಟಿಕ ಸದ್ದು ಗಾಳಿಯಲ್ಲೂ ನನ್ನ ಕಿವಿಗೆ ಬೀಳುತ್ತಿತ್ತು. ಐದನೆಯವನು ಜೇಬಿನಿಂದ ಶೇಂಗಾ ಚಿಕ್ಕಿ ತೆಗೆದು, ಹಲ್ಲಿನಿಂದ ಹಾಳೆ ಹರಿದು, ನಿಧಾನಕ್ಕೆ ಅಗಿದು ನೀರು ಕುಡಿದ. ಅದನ್ನು ಕಂಡಾಗಲೇ ನನಗೆ ಈ ರೇಸ್ ಎತ್ತ ಹೊರಟಿದೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹುಡುಗ ಮುಂದಿದ್ದಾನಲ್ಲ ಎಂಬ ಹೆಮ್ಮೆಯಲ್ಲಿ ನಾನೂ ಮೈಮರೆತಿದ್ದೆ.

ಕೋನ್ ಬಳಿ ಎಲ್ಲವೂ ಮುಗಿಯಿತು. ಎದುರುಗಾಳಿಯಲ್ಲಿ ಭಾರದ ಗೇರ್ ಹಾಕಿಕೊಂಡು ತುಳಿದು ಬಂದವನು, ತಿರುವಿಗೆ ಮುಂಚೆ ಗೇರ್ ಹಗುರ ಮಾಡಿಕೊಳ್ಳಲಿಲ್ಲ. ಬ್ರೇಕ್ ಹಿಡಿದು, ನಡೆಯುವಷ್ಟು ನಿಧಾನಕ್ಕೆ ಇಳಿದು, ಕೋನ್ ಸುತ್ತಿ ಎದ್ದುನಿಂತು ತುಳಿಯಲು ನೋಡಿದರೆ ಪೆಡಲ್ ಕಲ್ಲಿನ ಹಾಗೆ. ಅಷ್ಟರಲ್ಲಿ ಹಿಂದಿನವರು ಹಗುರ ಗೇರಿನಲ್ಲಿ ಚಕಚಕ ಕಾಲು ತಿರುಗಿಸಿ ಅವನನ್ನು ದಾಟಿ ಹೋದರು. ಹತ್ತು ಮೀಟರ್ ಅಂತರ. ಹಿಂಗಾಳಿ ಹಿಡಿದ ಗುಂಪು 45ರ ವೇಗಕ್ಕೆ ಏರಿತು. ಹತ್ತು ಮೀಟರನ್ನು ಮುಚ್ಚಲು ಅವನು ಆ ಗುಂಪಿಗಿಂತ ಜೋರಾಗಿ, ಒಬ್ಬನೇ, ಖಾಲಿ ಹೊಟ್ಟೆಯಲ್ಲಿ ತುಳಿಯಬೇಕಿತ್ತು. ಐದು ಕಿ.ಮೀ. ಪ್ರಯತ್ನಪಟ್ಟ. ಹತ್ತು ಮೀಟರ್ ಐವತ್ತಾಯಿತು, ಐವತ್ತು ಇನ್ನೂರಾಯಿತು, ಆಮೇಲೆ ಗುಂಪು ರಸ್ತೆಯ ಏರಿನಾಚೆ ಮರೆಯಾಯಿತು.

ಗೇರಿನ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಜೂನಿಯರ್ ಹುಡುಗರು, ಅಂದರೆ 17-18ರ ವಯಸ್ಸಿನವರು, ಭಾರದ ಗೇರಿಗೆ ಬಲಿಬೀಳಬಾರದೆಂದು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಬಹಳ ವರ್ಷ ಒಂದು ಮಿತಿ ಇಟ್ಟಿತ್ತು. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 7.93 ಮೀಟರಿಗಿಂತ ಹೆಚ್ಚು ದೂರ ಹೋಗಕೂಡದು. ನೆಲದ ಮೇಲೆ ಗೆರೆ ಎಳೆದು ಸೈಕಲ್ ಉರುಳಿಸಿ ಅಳೆಯುತ್ತಿದ್ದರು. ಮೊಣಕಾಲು ಕಾಪಾಡುವುದರ ಜೊತೆಗೆ, ಭಾರ ತುಳಿಯುವ ಬದಲು ಕಾಲನ್ನು ನಿಮಿಷಕ್ಕೆ 90-100 ಸುತ್ತು ಹಗುರವಾಗಿ ತಿರುಗಿಸುವ ಅಭ್ಯಾಸ ಬೆಳೆಯಲಿ ಎಂಬುದು ಅದರ ಆಶಯ. 2023ರಿಂದ ಆ ನಿಯಮ ಇಲ್ಲ. ನಿಯಮ ಹೋದರೂ ಅದರ ಬುದ್ಧಿಮಾತು ಹೋಗಿಲ್ಲವೆಂದೇ ನಾನು ತಿಳಿದಿದ್ದೇನೆ. ನಮ್ಮ ಹುಡುಗರು ಅತಿ ಭಾರದ ಗೇರನ್ನೇ ಗಂಡಸುತನ ಎಂದುಕೊಂಡಿದ್ದಾರೆ.

ಈ ಆಟದ ಹೃದಯ ಇರುವುದು ಒಂದೇ ಪದದಲ್ಲಿ, ಅದು ನಮ್ಮ ಕಡೆಯ ಮಾತು: ಪಾಳಿ. ನೀರಿನ ಪಾಳಿ ಇದ್ದ ಹಾಗೆ ಗಾಳಿಯ ಪಾಳಿ. ಐದು ಜನ ಗುಂಪಾಗಿ ಹೋಗುತ್ತಿದ್ದರೆ ಒಬ್ಬೊಬ್ಬ ಅರ್ಧ ನಿಮಿಷವೋ ಒಂದು ನಿಮಿಷವೋ ಮುಂದೆ ಬಂದು ಗಾಳಿ ಹೊರುತ್ತಾನೆ, ಆಮೇಲೆ ಮಗ್ಗುಲಿಗೆ ಸರಿದು ಸಾಲಿನ ಕೊನೆಗೆ ಹೋಗುತ್ತಾನೆ. ಐವರೂ ಪಾಳಿಗೆ ನಿಷ್ಠರಾಗಿದ್ದರೆ ಒಬ್ಬೊಬ್ಬರಾಗಿ ಯಾರೂ ತಲುಪಲಾರದ ವೇಗವನ್ನು ಐವರೂ ತಲುಪುತ್ತಾರೆ. ಇನ್ನೊಂದು ಸೋಜಿಗ: ಹಿಂದೆ ಒಬ್ಬ ಒತ್ತಿಕೊಂಡು ಬರುತ್ತಿದ್ದರೆ ಮುಂದಿನವನಿಗೂ ಚೂರು ಲಾಭವಿದೆ. ಅವನ ಬೆನ್ನ ಹಿಂದಿನ ಗಾಳಿಯ ಸೆಳೆತ ತುಸು ಕಡಿಮೆಯಾಗುತ್ತದೆ. ಆದರೆ ಗೆಲುವು ಒಬ್ಬನದೇ. ಹೀಗಾಗಿ ಪಾಳಿ ಕೊಟ್ಟು ಸುಸ್ತಾದವನನ್ನು ಪಾಳಿ ತಪ್ಪಿಸಿದವನು ಕೊನೆಯ ಇನ್ನೂರು ಮೀಟರಿನಲ್ಲಿ ಹಿಂದೆ ಹಾಕುತ್ತಾನೆ. ಯಾರ ಜೊತೆ ಪಾಳಿ ಹಂಚಿಕೊಳ್ಳಬೇಕು, ಯಾವಾಗ ಮುಂದೆ ಬರಬೇಕು, ಯಾವಾಗ ಮೊಣಕೈ ಅಲುಗಿಸಿ 'ಈಗ ನೀನು ಬಾ' ಎಂದು ಸನ್ನೆ ಮಾಡಬೇಕು ಎಂಬುದೆಲ್ಲ ಕಲಿಯಬೇಕಾದ ವಿದ್ಯೆ. ನನ್ನ ಅಳಿಯ ಒಮ್ಮೆಯೂ ಮೊಣಕೈ ಅಲುಗಿಸಲಿಲ್ಲ. ಹಾಗೆ ಕೇಳಬಹುದೆಂದೇ ಅವನಿಗೆ ಗೊತ್ತಿರಲಿಲ್ಲ.

ಅಡ್ಡಗಾಳಿ ಬಂದರೆ ವಿದ್ಯೆ ಇನ್ನೂ ಕಠಿಣ. ಅದೇ ಪಡುವಣ ಗಾಳಿಯ ದಿನ ಸೊಲ್ಲಾಪುರ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಆಸರೆ ಇರುವುದು ಮುಂದಿನವನ ನೇರ ಹಿಂದೆ ಅಲ್ಲ, ಅವನ ಹಿಂದೆ ಬಲಕ್ಕೆ ಓರೆಯಾಗಿ. ಬಲ್ಲವರು ರಸ್ತೆಯ ಅಗಲಕ್ಕೆ ಓರೆ ಸಾಲು ಕಟ್ಟುತ್ತಾರೆ. ಸಾಲಿನಲ್ಲಿ ಜಾಗ ಸಿಗದವನು ರಸ್ತೆಯ ಅಂಚಿನಲ್ಲಿ ಗಾಳಿಗೆ ಬಿದ್ದು, ಕಾರಣವೂ ತಿಳಿಯದೆ ಹಿಂದುಳಿಯುತ್ತಾನೆ.

ಪಾಳಿಯ ಲೆಕ್ಕ ತಪ್ಪಿದರೆ ಲೋಕದ ಅತಿ ಬಲಶಾಲಿ ತಂಡಕ್ಕೂ ಏನಾಗುತ್ತದೆ ಎಂಬುದಕ್ಕೆ 2021ರ ಜುಲೈ 25ರ ಟೋಕಿಯೊ ಒಲಿಂಪಿಕ್ಸ್ ಸಾಕ್ಷಿ. ಅಂದು ಮಹಿಳೆಯರ ರಸ್ತೆ ರೇಸ್, 137 ಕಿ.ಮೀ., ಕೊನೆ ಫ್ಯೂಜಿ ಸ್ಪೀಡ್‌ವೇ ಮೋಟರ್ ರೇಸ್ ಅಂಗಳದಲ್ಲಿ. ನೆದರ್ಲೆಂಡ್ಸ್‌ನ ನಾಲ್ವರು ಇದ್ದರು. ಅನೆಮೀಕ್ ಫಾನ್ ಫ್ಲ್ಯೂಟನ್, ಮರಿಯಾನೆ ಫೋಸ್, ಅನ್ನಾ ಫಾನ್ ಡೆರ್ ಬ್ರೆಗೆನ್, ಡೆಮಿ ಫೋಲರಿಂಗ್. ಮೊದಲ ಮೂವರೂ ಆಗಲೇ ವಿಶ್ವ ಚಾಂಪಿಯನ್ ಪಟ್ಟ ಕಂಡವರು. ಆಸ್ಟ್ರಿಯಾದಿಂದ ಬಂದದ್ದು ಒಬ್ಬಳೇ, ಅನ್ನಾ ಕೀಸನ್‌ಹೋಫರ್. ವಯಸ್ಸು 30. ಬಾರ್ಸಿಲೋನಾದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದು, ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ, ಪಾಠ ಮಾಡಿಕೊಂಡಿದ್ದವಳು. ಹಿಂದೊಮ್ಮೆ ವೃತ್ತಿಪರ ತಂಡ ಸೇರಿ ಬಿಟ್ಟುಬಂದಿದ್ದಳು. ಆಗ ಅವಳಿಗೆ ಸಂಬಳ ಕೊಡುವ ತಂಡವಿರಲಿಲ್ಲ. ಏನು ತಿನ್ನಬೇಕು, ಎಷ್ಟು ತುಳಿಯಬೇಕು, ಟೋಕಿಯೊದ ಸೆಕೆಗೆ ಮೈ ಹೇಗೆ ಒಗ್ಗಿಸಬೇಕು ಎಂಬುದನ್ನೆಲ್ಲ ಓದಿ, ಅಳೆದು, ತಾನೇ ಗೊತ್ತು ಮಾಡಿಕೊಂಡಿದ್ದಳು.

ಬಾವುಟ ಇಳಿದ ಗಳಿಗೆಯಲ್ಲೇ ಅವಳು ಗುಂಪು ಬಿಟ್ಟು ಮುಂದೆ ನುಗ್ಗಿದಳು. ಜೊತೆಗೆ ಪೋಲೆಂಡ್, ಇಸ್ರೇಲ್, ದಕ್ಷಿಣ ಆಫ್ರಿಕಾ, ನಮೀಬಿಯಾದ ನಾಲ್ವರು ಸೇರಿದರು. ಇವರಿಂದ ಏನಾದೀತು ಎಂದು ಹಿಂದಿನ ದೊಡ್ಡ ಗುಂಪು ಬಿಟ್ಟುಕೊಟ್ಟಿತು. ಅಂತರ ಹತ್ತು ನಿಮಿಷ ದಾಟಿತು. ಮುಂದಿದ್ದವರು ಪಾಳಿ ಹಂಚಿಕೊಂಡು ಹೋಗುತ್ತಿದ್ದರು. ಹಿಂದಿದ್ದವರು ಪಾಳಿ ಯಾರದೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾಲ್ವರು ಇರುವ ನೆದರ್ಲೆಂಡ್ಸ್ ಅಟ್ಟಿಸಿಕೊಂಡು ಹೋಗಲಿ ಎಂದು ಉಳಿದವರು ಕಾದರು. ಕೊನೆಗೆ ಇನ್ನು 40 ಕಿ.ಮೀ. ಚಿಲ್ಲರೆ ಇರುವಾಗ ಅನ್ನಾ ಜೊತೆಗಿದ್ದ ಕೊನೆಯ ಇಬ್ಬರನ್ನೂ ಬಿಟ್ಟು ಒಬ್ಬಳೇ ಹೊರಟಳು.

ಒಲಿಂಪಿಕ್ಸ್ ರಸ್ತೆ ರೇಸಿನಲ್ಲಿ ಸವಾರರ ಕಿವಿಗೆ ರೇಡಿಯೊ ಇರುವುದಿಲ್ಲ. ಮುಂದೆ ಯಾರಿದ್ದಾರೆ, ಎಷ್ಟು ಜನ ಎಂಬುದನ್ನು ಹಲಗೆ ನೋಡಿ, ಬಾಯಿಂದ ಬಾಯಿಗೆ ಕೇಳಿ ತಿಳಿಯಬೇಕು. ಕೊನೆಗೆ ಗುಂಪು ಪೋಲೆಂಡ್ ಮತ್ತು ಇಸ್ರೇಲಿನ ಇಬ್ಬರನ್ನು ಹಿಡಿದಾಗ ಮುಂದೆ ಇನ್ನು ಯಾರೂ ಇಲ್ಲವೆಂದು ಹಲವರು ಭಾವಿಸಿದರು. ಗುಂಪಿನಿಂದ ಹಾರಿ ಮುಂದೆ ಬಂದ ಫಾನ್ ಫ್ಲ್ಯೂಟನ್ ಗೆರೆ ದಾಟುವಾಗ ಎರಡೂ ಕೈ ಎತ್ತಿ ಸಂಭ್ರಮಿಸಿದಳು. ಚಿನ್ನ ತನ್ನದೆಂದು ನಂಬಿದ್ದಳು. ಅನ್ನಾ 75 ಸೆಕೆಂಡ್ ಮುಂಚೆಯೇ ಗೆರೆ ದಾಟಿ ನೆಲದ ಮೇಲೆ ಮಲಗಿದ್ದಳು.

ಈ ರೇಸನ್ನು ಅಳಿಯನಿಗೆ ಮೊಬೈಲಿನಲ್ಲಿ ಎರಡು ಸಲ ತೋರಿಸಿದೆ. ಒಂಟಿಯಾಗಿ ಹೋದವಳು ಗೆದ್ದಳಲ್ಲ, ಹಾಗಾದರೆ ನಾನು ಮಾಡಿದ್ದು ತಪ್ಪೇನು ಎಂದು ಮೊದಲ ಸಲ ನೋಡಿ ಕೇಳಿದ. ಒಳ್ಳೆಯ ಪ್ರಶ್ನೆ. ಎರಡನೆಯ ಸಲ ನೋಡುವಾಗ ಅವನೇ ಉತ್ತರ ಕಂಡುಕೊಂಡ. ಅವಳು ಮೊದಲ 90 ಕಿ.ಮೀ.ಗೂ ಹೆಚ್ಚು ದೂರ ಒಂಟಿಯಾಗಿರಲಿಲ್ಲ, ಪಾಳಿಯಲ್ಲಿದ್ದಳು. ಒಂಟಿಯಾದ ಮೇಲೆ ಅವಳ ಬೆನ್ನ ಹಿಂದೆ ಯಾರೂ ಇರಲಿಲ್ಲ, ಅವಳು ಸೀಳಿದ ಗಾಳಿಯ ಲಾಭ ಯಾರಿಗೂ ಹೋಗಲಿಲ್ಲ. ಇವನು ಮಾಡಿದ್ದು ಅದರ ತದ್ವಿರುದ್ಧ. ಹತ್ತೊಂಬತ್ತು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಎದುರುಗಾಳಿಯಲ್ಲಿ ಎಳೆದೊಯ್ದ.

ಅನ್ನಾಳನ್ನು ಪತ್ರಿಕೆಗಳು ಅಮೆಚೂರ್ ಎಂದು ಕರೆದವು. ಆ ಪದಕ್ಕೂ ಒಂದು ಚರಿತ್ರೆ ಇದೆ. ಒಂದು ಕಾಲಕ್ಕೆ ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಆಟದಿಂದ ದುಡ್ಡು ಪಡೆಯದ ಹವ್ಯಾಸಿಯೇ ಆಗಿರಬೇಕಿತ್ತು. ರಸ್ತೆ ಸೈಕ್ಲಿಂಗ್‌ನಲ್ಲಿ ವೃತ್ತಿಪರರಿಗೆ ಬಾಗಿಲು ತೆರೆದದ್ದು 1996ರ ಅಟ್ಲಾಂಟಾದಲ್ಲಿ. ಅದಕ್ಕೆ ಮುಂಚೆ ನಾಳಿನ ದೊಡ್ಡ ಸವಾರರೆಲ್ಲ ಹವ್ಯಾಸಿಗಳ ರೇಸಿನಲ್ಲೇ ಕಣ್ಣಿಗೆ ಬೀಳುತ್ತಿದ್ದರು. ಟೂರ್ ಡಿ ಫ್ರಾನ್ಸ್ ಅನ್ನು ಮುಂದೆ ಐದು ಸಲ ಗೆದ್ದ ಬೆಲ್ಜಿಯಂನ ಎಡ್ಡಿ ಮರ್ಕ್ಸ್, 1964ರಲ್ಲಿ ಫ್ರಾನ್ಸ್‌ನ ಸಲಾಂಶ್‌ನಲ್ಲಿ ಹವ್ಯಾಸಿಗಳ ವಿಶ್ವ ಚಾಂಪಿಯನ್ ಆದಾಗ 19ರ ಹುಡುಗ. ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನ ರಸ್ತೆ ರೇಸಿನಲ್ಲಿ ಅವನಿಗೆ ಸಿಕ್ಕಿದ್ದು 12ನೆಯ ಸ್ಥಾನ. ಲೋಕ ಕಂಡ ಅತಿ ದೊಡ್ಡ ಸೈಕಲ್ ಸವಾರನೂ ಒಂದು ದಿನ ಹನ್ನೆರಡನೆಯವನಾಗಿ ಬಂದಿದ್ದ ಎಂಬುದನ್ನು ನಾನು ತಂಗಿಗೆ ಹೇಳಿದೆ. ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಅದೇ 1964ರ ಟೋಕಿಯೊದಲ್ಲಿ ಭಾರತದ ಸೈಕಲ್ ಸವಾರರೂ ಇದ್ದರು. 1948ರ ಲಂಡನ್, 1952ರ ಹೆಲ್ಸಿಂಕಿ, ಆಮೇಲೆ ಟೋಕಿಯೊ. ಅದೇ ಕೊನೆ. ಅಲ್ಲಿಂದ 2024ರ ಪ್ಯಾರಿಸ್‌ವರೆಗೆ ಅರವತ್ತು ವರ್ಷ ಒಲಿಂಪಿಕ್ಸ್‌ನ ಸೈಕಲ್ ಸ್ಪರ್ಧೆಗಳಲ್ಲಿ ಭಾರತದ ಒಬ್ಬನೇ ಒಬ್ಬ ಸವಾರ ಇಲ್ಲ. ಊರೂರಿಗೆ ಸೈಕಲ್ ಇರುವ, ಸೈಕಲ್ ಮೇಲೆಯೇ ಹಾಲು, ಹುಲ್ಲು, ಪತ್ರಿಕೆ, ಮಕ್ಕಳು ಎಲ್ಲವನ್ನೂ ಸಾಗಿಸಿದ ದೇಶದ ಮಾತಿದು. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ.

ನಮ್ಮ ವಿಜಯಪುರ, ಬಾಗಲಕೋಟೆ ಭಾಗಕ್ಕೆ ಈ ನೋವು ಹೆಚ್ಚು ತಟ್ಟಬೇಕು. ಕರ್ನಾಟಕದ ಸೈಕ್ಲಿಂಗ್ ಎಂದರೆ ದಶಕಗಳಿಂದ ಮೊದಲು ನೆನಪಾಗುವುದು ಈ ಎರಡು ಜಿಲ್ಲೆ. ಸರ್ಕಾರದ ಕ್ರೀಡಾ ವಸತಿನಿಲಯಗಳಲ್ಲಿ ಉಳಿದು, ನಸುಕಿನಲ್ಲಿ ಲಾರಿಗಳ ಮಗ್ಗುಲಲ್ಲೇ ಹೆದ್ದಾರಿ ತುಳಿದು, ರಾಷ್ಟ್ರಮಟ್ಟದಲ್ಲಿ ಪದಕ ತಂದ ರೈತರ ಮಕ್ಕಳು, ಹೆಣ್ಣುಮಕ್ಕಳೂ ಸೇರಿ, ಎಷ್ಟೋ ಜನ. ಏಕಲವ್ಯ ಪ್ರಶಸ್ತಿ ಪಡೆದವರಿದ್ದಾರೆ, ರೈಲ್ವೆಯಲ್ಲಿ ನೌಕರಿ ಹಿಡಿದವರಿದ್ದಾರೆ. ಕಾಲಿನ ಕಸುವಿಗೆ ನಮ್ಮಲ್ಲಿ ಎಂದೂ ಬರವಿರಲಿಲ್ಲ.

ಬರ ಇರುವುದು ಗುಂಪಿನ ರೇಸಿಗೆ. ನಮ್ಮ ಮಕ್ಕಳಿಗೆ ಹೆಚ್ಚು ಒಗ್ಗಿರುವುದು ಟೈಮ್ ಟ್ರಯಲ್, ಅಂದರೆ ನಿಮಿಷಕ್ಕೊಬ್ಬರಂತೆ ಬಿಟ್ಟು ಗಡಿಯಾರ ಹಿಡಿದು ಅಳೆಯುವ ಒಂಟಿ ರೇಸ್. ಅದರಲ್ಲಿ ಒಬ್ಬರ ಹಿಂದೆ ಒಬ್ಬರು ಅಡಗುವಂತಿಲ್ಲ. ಅದನ್ನು ನಡೆಸುವುದು ಸುಲಭ, ರಸ್ತೆಯ ಒಂದು ಮಗ್ಗುಲು ಸಿಕ್ಕರೂ ಸಾಕು. ಮಾಸ್ ಸ್ಟಾರ್ಟ್ ಎಂದು ನಮ್ಮ ಹುಡುಗರು ಕರೆಯುವ ಗುಂಪಿನ ರೇಸಿಗೆ ರಸ್ತೆ ಪೂರ್ತಿ ಬಂದ್ ಮಾಡಬೇಕು, ಪೊಲೀಸರು ಬೇಕು, ಆಂಬುಲೆನ್ಸ್ ಬೇಕು. ಹಾಗಾಗಿ ವರ್ಷಕ್ಕೆ ಎರಡೋ ಮೂರೋ. ಈಜು ಕಲಿಯಲು ನೀರಿಗಿಳಿಯಬೇಕು, ಗುಂಪಿನಲ್ಲಿ ಓಡಿಸುವುದನ್ನು ಕಲಿಯಲು ಗುಂಪೇ ಬೇಕು. ವರ್ಷಕ್ಕೆ ಮೂರು ಸಲ ನೀರಿಗಿಳಿದವನು ಎಂಥ ಈಜುಗಾರನಾದಾನು?

ಬೆಂಗಳೂರಿನ ನವೀನ್ ಜಾನ್ ಇದನ್ನು ಬೇಗ ಅರಿತ ಸವಾರ. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ ಸೈಕಲ್ ರೇಸಿನ ರುಚಿ ಹತ್ತಿ, ಊರಿಗೆ ಮರಳಿ 2014ರಲ್ಲಿ ಟೈಮ್ ಟ್ರಯಲ್‌ನ ರಾಷ್ಟ್ರೀಯ ಚಾಂಪಿಯನ್ ಆದವರು. 2016ರಲ್ಲಿ ದೋಹಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಟೈಮ್ ಟ್ರಯಲ್ ಓಡಿಸಿದರು. ದೇಶದಲ್ಲಿ ಗೆದ್ದು ಸುಮ್ಮನೆ ಕೂರದೆ ಅವರು ಬೆಲ್ಜಿಯಂಗೆ ಹೋಗಿ ಅಲ್ಲಿನ ರೇಸುಗಳಲ್ಲಿ ಗುಂಪಿನ ಪೆಟ್ಟು ತಿಂದು ಬಂದರು.

ಬೆಲ್ಜಿಯಂನಲ್ಲಿ ಏನಿದೆ? ಅದನ್ನು ತಿಳಿದ ದಿನ ನನಗೆ ಮೈ ಜುಮ್ಮೆಂದಿತ್ತು. ಅಲ್ಲಿನ ಫ್ಲಾಂಡರ್ಸ್ ಸೀಮೆಯಲ್ಲಿ ಊರಿಗೊಂದು ಜಾತ್ರೆ ಇದೆ. ಅದಕ್ಕೆ ಕೆರ್ಮಿಸ್ ಎನ್ನುತ್ತಾರೆ. ಮೂಲದಲ್ಲಿ ಊರ ಚರ್ಚಿನ ಹಬ್ಬ. ಜಾತ್ರೆಗೆ ತೊಟ್ಟಿಲು, ತಿಂಡಿ ಅಂಗಡಿಗಳು ಬಂದ ಹಾಗೆ ಸೈಕಲ್ ರೇಸೂ ಬರುತ್ತದೆ. ಊರ ಸುತ್ತ ಆರೇಳು ಕಿ.ಮೀ. ಹಾದಿ, ಹಲವು ಸುತ್ತು. ಮಧ್ಯಾಹ್ನದ ಕೆಲವು ತಾಸು ರಸ್ತೆ ಬಂದ್. ಮನೆ ಮುಂದೆ ಕುರ್ಚಿ ಹಾಕಿ ಅಜ್ಜ-ಅಜ್ಜಿಯರು ಕೂರುತ್ತಾರೆ, ಸವಾರರು ಹತ್ತು ನಿಮಿಷಕ್ಕೊಮ್ಮೆ ಎದುರಿಗೆ ಹಾದುಹೋಗುತ್ತಾರೆ. ಬೇಸಿಗೆಯಲ್ಲಿ ಒಂದಲ್ಲ ಒಂದು ಊರಲ್ಲಿ ಇಂಥ ರೇಸ್ ನಡೆಯುತ್ತಲೇ ಇರುತ್ತದೆ. ಅಲ್ಲಿನ 17ರ ಹುಡುಗ ಒಂದು ಬೇಸಿಗೆಯಲ್ಲಿ ಕಲಿಯುವ ಪಾಳಿಯನ್ನು ನಮ್ಮ ಹುಡುಗ ಕಲಿಯಲು ಹತ್ತು ವರ್ಷ ಬೇಕು.

ಜಾತ್ರೆಗೆ ಸೈಕಲ್ ರೇಸ್ ಇಡುವುದು ನಮಗೇನು ಹೊಸದೆ? ನಮ್ಮ ಊರುಗಳ ಜಾತ್ರೆಯಲ್ಲಿ ಬಂಡಿ ಶರ್ಯತ್ತು, ಕುಸ್ತಿ, ಕಲ್ಲು ಎತ್ತುವುದರ ಜೊತೆಗೆ ಸೈಕಲ್ ರೇಸೂ ಇದೆ. ಕ್ಯಾರಿಯರ್ ಬಿಚ್ಚಿ, ಮಡ್‌ಗಾರ್ಡ್ ಬಿಚ್ಚಿ, ಕರಿ ಸೈಕಲ್ ಓಡಿಸಿ ಗೆದ್ದವರನ್ನು ಹೆಗಲ ಮೇಲೆ ಹೊತ್ತದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ನಮ್ಮ ರೇಸ್ ಊರಿನಿಂದ ಹೊರಗೆ ಹೆದ್ದಾರಿಗೆ ಹೋಗಿ ಬರುತ್ತದೆ, ಅವರದ್ದು ಊರನ್ನು ಸುತ್ತುತ್ತದೆ. ವ್ಯತ್ಯಾಸ ಅಷ್ಟೇ. ಊರ ಸುತ್ತ ನಾಲ್ಕೈದು ಕಿ.ಮೀ. ಹಾದಿಯಲ್ಲಿ ಹನ್ನೆರಡು ಸುತ್ತು ಇಟ್ಟರೆ ಹೆದ್ದಾರಿಯ ಲಾರಿ ಇಲ್ಲ, ಪ್ರತಿ ಸುತ್ತಿಗೂ ತಿರುವುಗಳು, ಗಾಳಿ ಒಮ್ಮೆ ಎದುರು ಒಮ್ಮೆ ಅಡ್ಡ ಒಮ್ಮೆ ಹಿಂದೆ. ಹುಡುಗ ಒಂದೇ ಬೆಳಗಿನಲ್ಲಿ ನಲವತ್ತು ಸಲ ಗೇರ್ ಬದಲಿಸಿ ತಿರುವಿನಿಂದ ಎದ್ದು ತುಳಿಯುವುದನ್ನು ಕಲಿಯುತ್ತಾನೆ. ಹೆಲ್ಮೆಟ್ ಮಾತ್ರ ಕಡ್ಡಾಯ ಮಾಡಬೇಕು. ಅಂತಾರಾಷ್ಟ್ರೀಯ ಒಕ್ಕೂಟ ಅದನ್ನು ಕಡ್ಡಾಯ ಮಾಡಿದ್ದು 2003ರಲ್ಲಿ, ಕಜಕಿಸ್ತಾನದ ಆಂದ್ರೆ ಕಿವಿಲೆವ್ ಎಂಬ ಸವಾರ ರೇಸಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಸತ್ತ ಮೇಲೆ. ನಾವು ಅಂಥದಕ್ಕೆ ಕಾಯಬಾರದು.

ಈ ನಡುವೆ ಅಳಿಯನ ಅಭ್ಯಾಸ ಬದಲಾಗಿದೆ. ಇನ್ನೂ ಮೂವರು ಹುಡುಗರನ್ನು ಕೂಡಿಸಿಕೊಂಡು ಕಾಲುವೆ ದಂಡೆಯ ರಸ್ತೆಯಲ್ಲಿ ನಸುಕಿಗೆ ಹೋಗುತ್ತಾನೆ. ಮೊದಲ ವಾರ ಒಬ್ಬರ ಚಕ್ರದಿಂದ ಒಬ್ಬರು ಒಂದು ಮಾರು ದೂರ. ಮುಂದಿನವನ ಹಿಂದಿನ ಚಕ್ರಕ್ಕೆ ತನ್ನ ಮುಂದಿನ ಚಕ್ರ ತಾಗಿದರೆ ಬೀಳುವವನು ಹಿಂದಿನವನೇ. ಆ ಹೆದರಿಕೆ ಸಣ್ಣದಲ್ಲ. ಚಕ್ರವನ್ನೇ ದಿಟ್ಟಿಸದೆ ಮುಂದಿನವನ ಸೊಂಟದ ಮೇಲೆ, ಅವನ ಭುಜದಾಚೆ ಕಣ್ಣಿಡಬೇಕು. ಒಮ್ಮೆಲೇ ಬ್ರೇಕ್ ಹಿಡಿಯಬಾರದು. ಗುಂಡಿ ಕಂಡರೆ ಮುಂದಿನವನು ಕೈಯಿಂದ ತೋರಿಸಬೇಕು. ಮಾರು ಹೋಗಿ ಮೊಳವಾಗಲು ಒಂದು ತಿಂಗಳು ಹಿಡಿಯಿತು. ತಿನ್ನುವುದನ್ನೂ ಅಭ್ಯಾಸ ಮಾಡುತ್ತಿದ್ದಾರೆ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಜೋರು ತುಳಿತಕ್ಕೆ ಒಂದೂವರೆ, ಹೆಚ್ಚೆಂದರೆ ಎರಡು ತಾಸು ಬಾಳಿಕೆ. ಹಾಗಾಗಿ ಹಸಿವಾಗುವ ಮುಂಚೆಯೇ, ಅರ್ಧ ತಾಸಿಗೊಮ್ಮೆ ಬಾಯಿಗೆ ಏನಾದರೂ ಬೀಳಬೇಕು. ತಂಗಿ ಖರ್ಜೂರದ ಬೀಜ ತೆಗೆದು, ಬೆಲ್ಲ-ಶೇಂಗಾ ಉಂಡೆಯನ್ನು ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿ ಕೊಡುತ್ತಾಳೆ. ಒಂದೇ ಕೈಯಿಂದ ತೆಗೆದು ಬಾಯಿಗೆ ಹಾಕುವಂತಿರಬೇಕು ಎಂಬುದು ಹುಡುಗನ ಕಟ್ಟಪ್ಪಣೆ.

ಕಳೆದ ವಾರ ನಾನೂ ಅವನೂ ಊರ ಜಾತ್ರಾ ಕಮಿಟಿಯ ಹಿರಿಯರಲ್ಲಿಗೆ ಹೋಗಿದ್ದೆವು. ಊರ ಸುತ್ತಿನ ರೇಸಿನ ಮಾತೆತ್ತಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹುಡುಗನನ್ನೇ ಕೇಳಿದರು:

"ರಸ್ತೆ ಎಷ್ಟೊತ್ತು ಬಂದ್ ಮಾಡಬೇಕಾಗ್ತದಪಾ?"

"ಎರಡು ತಾಸ್ರಿ, ಅಜ್ಜಾರ."

"ತೇರು ಎಳಿಯಾಕ ಮೂರು ತಾಸು ಮಾಡ್ತೇವಿ," ಎಂದರು ಹಿರಿಯರು. "ಹಾದಿ ಅಳದು ತಗೊಂಡು ಬಾ."

ಮರುದಿನ ಅವನು ಅಳೆದು ಬಂದ. ಅಗಸಿ ಬಾಗಿಲಿನಿಂದ ಹೊರಟು, ಹಳೆ ಗಿರಣಿ, ಕಾಲುವೆ ದಂಡೆ, ಶಾಲೆಯ ಹಿಂದಿನ ಹಾದಿ ಸುತ್ತಿ ಮತ್ತೆ ಅಗಸಿಗೆ 4.6 ಕಿ.ಮೀ. ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದಿದ್ದಾನೆ. ಪಶ್ಚಿಮದಿಂದ ಒಂದು ದಪ್ಪ ಬಾಣ, ಗಾಳಿಗೆ. ಗಿರಣಿಯ ಬಳಿ ಜಲ್ಲಿಕಲ್ಲು ಚೆಲ್ಲಿರುವ ತಿರುವಿಗೆ ಒಂದು ಸೊನ್ನೆ ಸುತ್ತಿ, ಮಗ್ಗುಲಲ್ಲಿ ಬರೆದಿದ್ದಾನೆ: ಇಲ್ಲಿ ಕಸಬರಿಗೆ ಬೇಕು.